ಮೊದಲ ಕ್ಲಾಸಲ್ಲಿ ಟ್ಯಾಪ್, ಆಮೇಲೆ ಉಳಿದಿದ್ದೆಲ್ಲ

ನೆಲದ ಮೇಲೆ ಸೆಣಸಾಡಿ ಎದುರಾಳಿಯನ್ನ ಪಟ್ಟಲ್ಲಿ ಸಿಕ್ಕಿಸೋ ಬ್ರೆಜಿಲಿಯನ್ ಜಿಯು-ಜಿತ್ಸು ಕಲೀಬೇಕು ಅಂತ ಹೊಸಬ್ರು ಯಾರೇ ಬಂದ್ರೂ ನಾನು ಮೊದ್ಲು ಹೇಳ್ಕೊಡೋದು ಟ್ಯಾಪ್ ಮಾಡೋದನ್ನ, ಅಂದ್ರೆ ಸೋತೆ, ಬಿಡು ಅಂತ ಸನ್ನೆ ಮಾಡೋದನ್ನ. ಪಾರ್ಟ್ನರ್ ಮೈಮೇಲೆ ಅವ್ರಿಗೆ ಗೊತ್ತಾಗೋ ಹಾಗೆ ಎರಡ್ಮೂರು ಸಲ ತಟ್ಟೋದು, ಕೈ ಸಿಕ್ಕಾಕೊಂಡಿದ್ರೆ ಕಾಲಲ್ಲಿ ಮ್ಯಾಟ್‌ಗೆ ಬಡಿಯೋದು, ಅದೂ ಆಗ್ದಿದ್ರೆ ಬಾಯ್ಬಿಟ್ಟು ಟ್ಯಾಪ್ ಅಂತ ಜೋರಾಗಿ ಹೇಳೋದು, ಅಷ್ಟೇ. ಚೋಕ್, ಅಂದ್ರೆ ಕತ್ತು ಅದುಮೋ ಪಟ್ಟು, ಕಲಿಯೋಕೆ ಬಂದ್ರೆ ಇವ್ರೇನು ಸೋಲೋದು ಹೇಗೆ ಅಂತ ಹೇಳ್ತಿದಾರೆ ಅಂತ ಕೆಲವ್ರಿಗೆ ಅನ್ಸತ್ತೆ, ಮುಖ ನೋಡಿದ್ರೇ ಗೊತ್ತಾಗತ್ತೆ. ಆದ್ರೂ ಈ ವಿಷಯದಲ್ಲಿ ನಾನು ಬಿಟ್ಕೊಡಲ್ಲ, ಯಾಕಂದ್ರೆ ಕೆಲಸ, ಮನೆ, ಮಕ್ಕಳು ಎಲ್ಲ ಇಟ್ಕೊಂಡು ವರ್ಷಾನುಗಟ್ಟಲೆ ಈ ಆಟ ಆಡ್ಬೇಕು ಅಂದ್ರೆ ಇವತ್ತು ರೋಲ್ ಮಾಡಿದವ್ರು, ಅಂದ್ರೆ ಪಾರ್ಟ್ನರ್ ಜೊತೆ ಸೆಣಸಾಡಿದವ್ರು, ನಾಳೆ ಕೀಬೋರ್ಡ್ ಮುಂದೆ ಕೂತು ಕೆಲಸ ಮಾಡೋ ಹಾಗಿರ್ಬೇಕು, ಮಗೂನ ಎತ್ಕೊಳ್ಳೋ ಹಾಗಿರ್ಬೇಕು.

ಇದು ನನ್ನ ಐಡಿಯಾ ಏನಲ್ಲ, ಈ ಕಲೆಯ ಬೇರಲ್ಲೇ ಇದೆ. 1882ರಲ್ಲಿ ಜಿಗೊರೊ ಕಾನೊ ಜಪಾನಲ್ಲಿ ಕೊಡೊಕಾನ್ ಅನ್ನೋ ಜೂಡೋ ಶಾಲೆ ಶುರು ಮಾಡಿದ್ರಲ್ಲ, ಅವ್ರು ಹಳೇ ಜುಜುತ್ಸುವಿನ ತೀರಾ ಅಪಾಯದ ಪಟ್ಟುಗಳನ್ನ ರಂಡೋರಿಯಿಂದ, ಅಂದ್ರೆ ಇಬ್ರೂ ನಿಜವಾಗಿ ಸೆಣಸಾಡೋ ಪ್ರಾಕ್ಟೀಸಿಂದ, ಹೊರಗಿಟ್ರು. ಅಪಾಯದ್ದು ಹೊರಗೆ ಹೋಗಿದ್ದಕ್ಕೇ ಉಳಿದಿದ್ದನ್ನ ಪೂರ್ತಿ ಬಲ ಹಾಕಿ ದಿನಾ ಮಾಡೋಕೆ ಆಯ್ತು. ಅದೇ ಕೊಡೊಕಾನಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದ್ರು, ಅವ್ರಿಂದ ಈ ಕಲೆ ಅಲ್ಲಿನ ಗ್ರೇಸಿ ಮನೆತನದ ಕೈಗೆ ಬಂತು, 1993ರ ಮೊದಲ ಯುಎಫ್‌ಸಿಯಲ್ಲಿ, ಅಂದ್ರೆ ಬೇರೆ ಬೇರೆ ಕಲೆಯವ್ರು ಒಬ್ರಿಗೊಬ್ರು ಸೆಣಸೋ ಪಂದ್ಯದಲ್ಲಿ, ರಾಯ್ಸ್ ಗ್ರೇಸಿ ತನಗಿಂತ ದೊಡ್ಡವ್ರನ್ನ ಒಂದೇ ರಾತ್ರಿ ಸಬ್ಮಿಟ್ ಮಾಡಿದ್ಮೇಲೆ, ಅಂದ್ರೆ ಸೋಲೊಪ್ಪಿಸಿದ್ಮೇಲೆ, ಜಗತ್ತಿಗೇ ಗೊತ್ತಾಯ್ತು. ಎಲ್ರಿಗೂ ಆ ಗೆಲುವು ನೆನಪಿದೆ, ನನಗೆ ಮಾತ್ರ ಅದರ ಹಿಂದೆ ಇದ್ದ ಸಾವಿರಾರು ಟ್ಯಾಪ್‌ಗಳೇ ದೊಡ್ಡದು ಅನ್ಸತ್ತೆ.

ಟ್ಯಾಪ್ ಆದ್ಮೇಲೆ ಎಸ್ಕೇಪ್. ಅದ್ರಲ್ಲೂ ಮೌಂಟ್‌ನಿಂದ ತಪ್ಪಿಸ್ಕೊಳ್ಳೋ ಉಪಾ, ಇದನ್ನ ಕಲಿಸೋದಂದ್ರೆ ನಂಗೆ ಬಹಳ ಇಷ್ಟ. ಎದುರಾಳಿ ಹೊಟ್ಟೆ ಮೇಲೆ ಕೂತಿದಾನೆ ಅಂದ್ಕೊಳ್ಳಿ, ಅವನ ಒಂದು ಕೈನ ಎದೆಗೆ ಅವುಚಿ ಹಿಡ್ಕೊಬೇಕು, ಅದೇ ಕಡೆ ಅವನ ಪಾದಾನ ನಮ್ಮ ಪಾದದಿಂದ ಹೊರಗಡೆಯಿಂದ ಲಾಕ್ ಮಾಡ್ಬೇಕು, ಹಿಮ್ಮಡಿಗಳನ್ನ ಸೊಂಟದ ಹತ್ರ ಎಳ್ಕೊಂಡು ಸೊಂಟ ಮೇಲಕ್ಕೆ ಎತ್ಬೇಕು, ಆಮೇಲೆ ಆ ಕಡೆ ಭುಜದ ಮೇಲೆ ಹೊರಳ್ಬೇಕು. ಹೊಸಬ್ರು ಹೆಚ್ಚುಕಮ್ಮಿ ಎಲ್ರೂ ಮೊದ್ಲೇ ಪಕ್ಕಕ್ಕೆ ಹೊರಳೋಕೆ ನೋಡ್ತಾರೆ, ಆಗ ಅವನ ತೂಕ ಇನ್ನೂ ನಮ್ಮ ಸೊಂಟದ ಮೇಲೇ ಇರತ್ತೆ, ಏನೂ ಅಲ್ಲಾಡಲ್ಲ, ಸುಮ್ನೆ ಉಸಿರು ಖಾಲಿ. ಮೊದ್ಲು ಅವನ ತೂಕ ನಮ್ಮ ತಲೆ ಕಡೆಗೆ ಹೋಗ್ಬೇಕು, ಹಿಡಿದಿರೋ ಕಡೆ ಅವನಿಗೆ ಊರೋಕೆ ಕೈನೂ ಇಲ್ಲ ಕಾಲೂ ಇಲ್ಲ, ಆಮೇಲೆ ತಿರುಗಿದ್ರೆ ಎಂಥಾ ಭಾರದವ್ರೂ ಉರುಳ್ತಾರೆ. ಐವತ್ತು ಕೆಜಿ ಇರೋರು ತೊಂಬತ್ತು ಕೆಜಿಯವ್ರನ್ನ ಮೊದಲ ಸಲ ಹೀಗೆ ಉರುಳಿಸಿದಾಗ ಅವ್ರ ಮುಖ ನೋಡ್ಬೇಕು ನೀವು, ನಾನು ಕಲಿಸೋದೇ ಅದಕ್ಕೆ ಅಂದ್ರೂ ಸರಿ.

ಕಲಿಸ್ತಾ ಕಲಿಸ್ತಾ ನಮ್ದೇ ಪಟ್ಟು ಬಿಗಿಯಾಗತ್ತೆ, ಇದಂತೂ ಸತ್ಯ. ಹಿಂದಿನಿಂದ ಕತ್ತಿಗೆ ತೋಳು ಸುತ್ತೋ ರೇರ್ ನೇಕೆಡ್ ಚೋಕಲ್ಲಿ ಮೊಣಕೈ ಗಲ್ಲದ ನೇರಕ್ಕೇ ಯಾಕೆ ಬರ್ಬೇಕು ಅಂತ ಒಬ್ರು ಕೇಳಿದ್ರು ಅಂದ್ರೆ, ಕೈಗೆ ಗೊತ್ತಿರೋದನ್ನ ಬಾಯಲ್ಲಿ ಹೇಳ್ಬೇಕಾಗತ್ತೆ. ಒತ್ತಡ ಬೀಳ್ಬೇಕಿರೋದು ಗಂಟಲ ನಳಿಗೆ ಮೇಲಲ್ಲ, ಕತ್ತಿನ ಎರಡೂ ಪಕ್ಕ ಇರೋ ಕ್ಯಾರೊಟಿಡ್ ರಕ್ತನಾಳದ ಮೇಲೆ, ಒಂದು ಕಡೆ ತೋಳು, ಇನ್ನೊಂದು ಕಡೆ ಮುಂಗೈ. ಸರಿಯಾಗಿ ಕೂತ್ರೆ ಹತ್ತು ಸೆಕೆಂಡ್ ಆಸುಪಾಸಲ್ಲೇ ಪ್ರಜ್ಞೆ ಹೋಗತ್ತೆ, ಅದಕ್ಕೇ ಹೇಳೋದು ಟ್ಯಾಪ್ ಬಿದ್ದ ತಕ್ಷಣ ಬಿಡಿ, ಪಾರ್ಟ್ನರ್ ಮೈ ಸಡಿಲ ಆದ ಹಾಗೆ ಅನ್ಸಿದ್ರೆ ಟ್ಯಾಪ್‌ಗೂ ಕಾಯ್ಬೇಡಿ. ಹಿಮ್ಮಡಿ ಹಿಡಿದು ಕಾಲು ತಿರುಚೋ ಹೀಲ್ ಹುಕ್ ಇನ್ನೂ ಅಪಾಯ, ನೋವು ಗೊತ್ತಾಗೋ ಹೊತ್ತಿಗೆ ಮಂಡಿ ಲಿಗಮೆಂಟ್ ಹೋಗಿರ್ಬಹುದು, ಪಂದ್ಯ ನಡೆಸೋ ಅಂತರರಾಷ್ಟ್ರೀಯ ಒಕ್ಕೂಟ ಐಬಿಜೆಜೆಎಫ್ ಕೂಡ ಅದನ್ನ ಗೀ (ದಪ್ಪ ಬಟ್ಟೆಯ ಸಮವಸ್ತ್ರ) ಹಾಕ್ಕೊಂಡು ಆಡೋ ಪಂದ್ಯದಲ್ಲಿ ಬಿಡೋದೇ ಇಲ್ಲ, ಹೊಸಬ್ರಾದ ವೈಟ್ ಬೆಲ್ಟ್‌ನವ್ರಿಗೆ ಗೀ ಇಲ್ದೇ ಆಡಿದ್ರೂ ಇಲ್ಲ. ವಿಡಿಯೋ ನೋಡ್ಕೊಂಡು ಬಂದು ಟ್ರೈ ಮಾಡ್ತೀನಿ ಅನ್ನೋರಿಗೆ ನನ್ನ ಉತ್ತರ ಒಂದೇ, ಬೇಡ.

ದಿನಾ ಪ್ರಾಕ್ಟೀಸ್ ಅಂದ್ರೆ ದಿನಾ ಜೋರಾಗಿ ಅಂತಲ್ಲ ಮತ್ತೆ. ನಿದ್ದೆ ಕಮ್ಮಿ ಆದ ದಿನ ನಾನು ರೋಲ್ ಮಾಡಲ್ಲ, ಬರೀ ಡ್ರಿಲ್, ಅಂದ್ರೆ ಒಂದೇ ಪಟ್ಟನ್ನ ಮತ್ತೆ ಮತ್ತೆ ಮಾಡೋದು. ಕ್ಲಾಸ್ ಇಲ್ದಿರೋ ದಿನ ಬೆಳಗ್ಗೆ ಎದ್ದು ನೆಲದ ಮೇಲೆ ಒಂದಷ್ಟು ಶ್ರಿಂಪಿಂಗ್ (ಮಲಗಿ ಸೊಂಟ ಪಕ್ಕಕ್ಕೆ ಜಾರಿಸೋದು), ಬ್ರಿಡ್ಜ್ (ಮಲಗಿ ಸೊಂಟ ಮೇಲಕ್ಕೆ ಎತ್ತೋದು), ಅಷ್ಟಕ್ಕೇ ಸೊಂಟ ಬಿಟ್ಕೊಳ್ಳತ್ತೆ. ಗೀ ಪ್ರತಿ ಸಲ ಒಗೀಬೇಕು, ಉಗುರು ಕತ್ತರಿಸಿರ್ಬೇಕು, ಹುಳುಕಡ್ಡಿ ಥರ ಏನಾದ್ರೂ ಕಾಣಿಸಿದ್ರೆ ವಾಸಿ ಆಗೋವರೆಗೂ ಮ್ಯಾಟ್‌ಗೆ ಬರ್ಬಾರ್ದು, ಇದ್ರಲ್ಲಿ ನಾನು ಯಾರಿಗೂ ರಿಯಾಯ್ತಿ ಕೊಡಲ್ಲ.

ವೈಟ್ ಆದ್ಮೇಲಿನ ಬ್ಲೂ ಬೆಲ್ಟ್ ಯಾವಾಗ ಅಂತ ಎಲ್ರೂ ಕೇಳ್ತಾರೆ, ಕೇಳ್ಲಿ, ತಪ್ಪೇನಿಲ್ಲ. ಐಬಿಜೆಜೆಎಫ್ ಲೆಕ್ಕದಲ್ಲಿ ವಯಸ್ಸು 16 ಆಗಿರ್ಬೇಕು, ಉಳಿದಿದ್ದು ಕಲಿಸೋರಿಗೆ ಬಿಟ್ಟಿದ್ದು. ಪಟ್ಟುಗಳು ಗೊತ್ತಿರ್ಬೇಕು, ಅದು ಸರಿ, ಆದ್ರೆ ನಾನು ಜಾಸ್ತಿ ಗಮನಿಸೋದು ಅವ್ರು ತಮಗಿಂತ ಚಿಕ್ಕವ್ರ ಜೊತೆ, ನಿನ್ನೆ ಸೇರಿದವ್ರ ಜೊತೆ ಹೇಗೆ ರೋಲ್ ಮಾಡ್ತಾರೆ ಅನ್ನೋದನ್ನ. ಆರ್ಮ್‌ಬಾರ್, ಅಂದ್ರೆ ಮೊಣಕೈಯನ್ನ ಹಿಂದಕ್ಕೆ ಬಗ್ಗಿಸೋ ಪಟ್ಟು, ಸಿಕ್ಕಿದ ಮೇಲೆ ಸೊಂಟಾನ ನಿಧಾನಕ್ಕೆ ಎತ್ತಿ ಟ್ಯಾಪ್ ಮಾಡೋಕೆ ಟೈಮ್ ಕೊಡ್ತಾರಾ, ಇಲ್ಲಾ ಒಂದೇ ಸಲ ಜಗ್ಗಿಬಿಡ್ತಾರಾ. ಜಗ್ಗೋರು ಎಷ್ಟೇ ಪಂದ್ಯ ಗೆದ್ದಿರ್ಲಿ, ನನ್ನ ಹತ್ರ ಇನ್ನೂ ಸ್ವಲ್ಪ ದಿನ ವೈಟ್ ಬೆಲ್ಟ್‌ನಲ್ಲೇ ಇರ್ತಾರೆ.