ಮನೆಯ ಕಷ್ಟ ಮಕ್ಕಳಿಗೆ ಗೊತ್ತಾಗಬಾರದೇ?

ಮಕ್ಕಳ ಬೆಳವಣಿಗೆಯ ಬಗ್ಗೆ ಬರೆಯುತ್ತೇನೆಂದು ತಿಳಿದವರು ತಪ್ಪದೇ ಕೇಳುವ ಪ್ರಶ್ನೆ ಇದು: "ಸಾಲ, ಕಾಯಿಲೆ, ಜಗಳ ಯಾವ ಮನೆಯಲ್ಲಿಲ್ಲ? ಮಕ್ಕಳಿಗೆ ಗೊತ್ತಾಗದಂತೆ ನೋಡಿಕೊಂಡರೆ ಸಾಕಲ್ಲವೇ?"

ಗೊತ್ತಾಗದಂತೆ ನೋಡಿಕೊಳ್ಳಲು ಆಗುವುದೇ ಇಲ್ಲ. 1970ರ ದಶಕದಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ತಾಯಂದಿರಿಗೆ ಕೆಲವೇ ನಿಮಿಷ ಭಾವವಿಲ್ಲದ ಮುಖ ಹೊತ್ತು ಕೂರಲು ಹೇಳಿದರು. ಎದುರಿಗಿದ್ದ ಹಸುಗೂಸು ಮೊದಲು ನಕ್ಕಿತು, ಕೈಯಾಡಿಸಿ ಕರೆಯಿತು, ಕೊನೆಗೆ ಮುಖ ತಿರುಗಿಸಿತು. ಮಾತೇ ಬಾರದ ಮಗು ಇಷ್ಟು ಓದಬಲ್ಲದಾದರೆ, ಮುಚ್ಚಿದ ಬಾಗಿಲಿನಾಚೆಯ ಪಿಸುಮಾತು ಎಂಟು ವರ್ಷದವನಿಗೆ ತಿಳಿಯದೇ? ಅವನು ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಹೊಸ ನೋಟ್‌ಬುಕ್ ಬೇಕೆನ್ನದೆ ಹಳೆಯದರ ಅಂಚಿನಲ್ಲೇ ಲೆಕ್ಕ ಮಾಡತೊಡಗುತ್ತಾನೆ. ಕಾರಣ ಯಾರೂ ಹೇಳದಿದ್ದರೆ ತಾನೇ ಕಾರಣವೆಂದು ಅಂದುಕೊಳ್ಳುತ್ತಾನೆ.

1980ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ರೈತರು ಸಾಲದಲ್ಲಿ ಮುಳುಗಿದರು. ಅಲ್ಲಿನ ಕುಟುಂಬಗಳನ್ನು ಅಧ್ಯಯನ ಮಾಡಿದ ರ‍್ಯಾಂಡ್ ಕಾಂಗರ್ ಮತ್ತು ಗ್ಲೆನ್ ಎಲ್ಡರ್ ಕಂಡದ್ದು: ಹಣದ ಮುಗ್ಗಟ್ಟು ತಂದೆತಾಯಿಯರನ್ನು ಕುಗ್ಗಿಸುತ್ತದೆ, ಅವರ ನಡುವೆ ಸಿಡುಕು ಹುಟ್ಟಿಸುತ್ತದೆ, ಆ ಸಿಡುಕು ಮಕ್ಕಳ ಮೇಲೆ ತಿರುಗುತ್ತದೆ. ಕಷ್ಟ ಮಗುವನ್ನು ತಲುಪುವ ಮುಖ್ಯ ದಾರಿ ನಮ್ಮ ನಡವಳಿಕೆಯೇ. (ಹಸಿವು, ಮನೆ ಕಳೆದುಕೊಳ್ಳುವುದು ನೇರವಾಗಿಯೇ ತಟ್ಟುತ್ತವೆ. ಅಲ್ಲಿ ಬೇಕಾದದ್ದು ನೆರವು, ನನ್ನಂಥವರ ಉಪದೇಶವಲ್ಲ.)

ಜಗಳವಾದರೆ ರಾಜಿಯಾದದ್ದೂ ಮಗುವಿಗೆ ತಿಳಿಯಲಿ. ರಾಜಿ ಕಂಡ ಮಕ್ಕಳ ಕಳವಳ ಬಹಳ ಮಟ್ಟಿಗೆ ಇಳಿಯುತ್ತದೆಂದು ಮನೋವಿಜ್ಞಾನಿ ಮಾರ್ಕ್ ಕಮಿಂಗ್ಸ್ ಅವರ ಸಂಶೋಧನೆ ತೋರಿಸಿದೆ. ಹೊಡೆತ, ಬೆದರಿಕೆ ಇರುವ ಮನೆಗೆ ಈ ಮಾತು ಅನ್ವಯಿಸದು. ಅಲ್ಲಿ ಮೊದಲು ಸುರಕ್ಷತೆ.

ಇನ್ನು "ಕೆಲವು ಮಕ್ಕಳು ಹುಟ್ಟಾ ಗಟ್ಟಿ" ಎಂಬ ಮಾತನ್ನು ನಾನು ಅರ್ಧವಷ್ಟೇ ಒಪ್ಪುತ್ತೇನೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಬಡತನ, ಕಲಹದಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬಾಳಿದರು. ಅವರಲ್ಲಿ ಕೆಲವರ ಸ್ವಭಾವವೂ ಸಹಾಯ ಮಾಡಿತ್ತು, ನಿಜ. ಆದರೆ ಅಜ್ಜಿ, ಶಿಕ್ಷಕಿ, ನೆರೆಯವರು ಹೀಗೆ ನೆಚ್ಚಬಹುದಾದ ಹಿರಿಯರೊಬ್ಬರು ಜೊತೆಗಿದ್ದದ್ದು ಮತ್ತೆ ಮತ್ತೆ ಕಂಡುಬಂತು.

ಹಾಗಾದರೆ ಎಷ್ಟು ಹೇಳಬೇಕು? "ಅಪ್ಪನ ಕೆಲಸ ಹೋಗಿದೆ, ಬೇರೆ ಹುಡುಕುತ್ತಿದ್ದಾರೆ, ಇದು ನಿನ್ನಿಂದಾದದ್ದಲ್ಲ" ಎಂದರೆ ಚಿಕ್ಕವರಿಗೆ ಸಾಕು. ಸಾಲದ ಮೊತ್ತವನ್ನೂ ಗಂಡನ ಮೇಲಿನ ದೂರನ್ನೂ ಹನ್ನೆರಡರ ಮಗಳ ಮುಂದೆ ತೋಡಿಕೊಳ್ಳಬೇಡಿ. ಅದಕ್ಕೆ ನಿಮ್ಮ ವಯಸ್ಸಿನ ಗೆಳತಿಯನ್ನು ಹುಡುಕಿಕೊಳ್ಳಿ.