ಹಳೇ ಜಾವಾಕ್ಕೆ ಡಿಸ್ಕ್ ಬ್ರೇಕ್ ಯಾಕೆ ಹಾಕಿಸಲಿಲ್ಲ?

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿಗೆ ಆಯಿಲ್ ಸುರಿಯುತ್ತಿರುವಾಗ ಯಾರಾದರೂ ಒಬ್ಬರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಮೊದಲು "ಎಷ್ಟನೇ ಇಸವಿದು ಸಾರ್?" ಆಮೇಲೆ "ನಮ್ಮ ತಂದೆ ಹತ್ರಾನೂ ಇತ್ತು." ಮೂರನೆಯದು, ಮುಂದಿನ ಚಕ್ರದ ಕಡೆ ಬಗ್ಗಿ ನೋಡಿ, ತಪ್ಪದೇ ಬರುವ ಪ್ರಶ್ನೆ: "ಇಷ್ಟೆಲ್ಲ ಖರ್ಚು ಮಾಡಿದೀರಿ, ಒಂದು ಡಿಸ್ಕ್ ಹಾಕಿಸ್ಬಿಡೋದಲ್ವಾ?" ಬಂಕಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಇದು, ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 1969ರ ಜಾವಾ 250 ಬೈಕ್, ಎ ಟೈಪ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಹಾಗಾಗಿ ಹೊಸ ಸ್ಪೇರ್ ಅಂದರೆ ಈಗ ಯಾರೋ ಮಾಡಿಸಿದ ನಕಲು, ಅಸಲಿ ಅಂದರೆ ಯಾರದೋ ಅಟ್ಟದ ಮೇಲಿನ ತುಕ್ಕು. ಗಾಡಿ ಸಿಕ್ಕಿದ್ದು ಹುಣಸೂರಿನ ಹತ್ತಿರ, ನಮ್ಮ ದೊಡ್ಡಪ್ಪನ ಕೊಟ್ಟಿಗೆಯಲ್ಲಿ. ಇಂಜಿನ್ ಒಂದು ತಿಂಗಳಲ್ಲಿ ರೆಡಿ ಆಯಿತು. ಚಕ್ರ ಮತ್ತು ಬ್ರೇಕಿಗೆ ಹಿಡಿದದ್ದು ಏಳು ತಿಂಗಳು.

ಡಿಸ್ಕ್ ಹಾಕಿಸೋದು ಅಂದರೆ ಡಿಸ್ಕ್ ಒಂದನ್ನೇ ಹಾಕಿಸೋದಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಾವಾದ ಮುಂದಿನ ಫೋರ್ಕಿನಲ್ಲಿ (ಚಕ್ರ ಹಿಡಿದಿರುವ ಎರಡು ಕಾಲು) ಕ್ಯಾಲಿಪರ್, ಅಂದರೆ ಡಿಸ್ಕನ್ನು ಹಿಸುಕಿ ಹಿಡಿಯುವ ಭಾಗ, ಕೂರಿಸಲು ಜಾಗವೇ ಇಲ್ಲ. ಹಾಗಾಗಿ ಬೇರೆ ಗಾಡಿಯ ಫೋರ್ಕು, ಅದರ ಚಕ್ರ, ಅದರ ಹ್ಯಾಂಡಲ್ ಕೆಳಗಿನ ತಟ್ಟೆ ಎಲ್ಲಾ ಬರಬೇಕು. ಜಾವಾದ ಹೆಡ್‌ಲೈಟ್ ಕವಚ ಫೋರ್ಕಿನ ತಲೆಗೇ ಸೇರಿಕೊಂಡಿರುವ ಭಾಗ, ಅದೂ ಹೋಯಿತು. 16 ಇಂಚಿನ ಚಕ್ರದ ಜಾಗಕ್ಕೆ 17 ಬರುತ್ತದೆ, ಫೋರ್ಕಿನ ಉದ್ದವೂ ಬೇರೆ, ಗಾಡಿಯ ಮೂತಿ ಮೇಲೆ ಕೆಳಗೆ ಆಗಿ ಹ್ಯಾಂಡಲ್ ತಿರುಗುವ ಹದವೇ ಬದಲಾಗುತ್ತದೆ. ಹೀಗೆ ಮಾಡಿದ ಗಾಡಿಯೊಂದನ್ನು ಓಡಿಸಿ ನೋಡಿದ್ದೇನೆ. ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಸುಳ್ಳು ಹೇಳಲ್ಲ. ತಿರುವಿನಲ್ಲಿ ಮಾತ್ರ ಬೇರೆ ಯಾರದೋ ಗಾಡಿ ಅನ್ನಿಸಿತು.

ಕಾಗದದ ತೊಂದರೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗಳನ್ನು ಒಪ್ಪುವುದಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಅನ್ವಯಿಸುತ್ತದೆ, ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ಅದು ಬೇರೆ ಮಾತು. ನನಗೆ ದಿನಾ ತರಕಾರಿ ತರಬೇಕು, ಅದಕ್ಕೆ ನಾನು ಆ ಕಡೆ ಹೋಗಿಲ್ಲ. ಆದರೂ ಬಾಗಿಲು ಮುಚ್ಚಿಕೊಳ್ಳೋದು ಯಾಕೆ?

ಆದರೆ ನಿಜವಾದ ಕಾರಣ ಇದು ಯಾವುದೂ ಅಲ್ಲ. "ಜಾವಾ ಬ್ರೇಕೇ ಹಂಗೆ, ನಿಲ್ಲಲ್ಲ" ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಮಾತು ನನಗೆ ಸರಿ ಕಾಣಲಿಲ್ಲ. 160 ಮಿ.ಮೀ. ಡ್ರಮ್ ಇದೆ (ಚಕ್ರದ ಜೊತೆ ತಿರುಗುವ ಡಬ್ಬಿ, ಶೂ ಅನ್ನೋ ಎರಡು ಕಮಾನುಗಳು ಒಳಗಿನಿಂದ ಅದಕ್ಕೆ ಒತ್ತಿ ನಿಲ್ಲಿಸುತ್ತವೆ), ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಪೂರ್ತಿ ಅಗಲಕ್ಕೆ ಅಲ್ಯೂಮಿನಿಯಂ, ಒಳಗೆ ಬೀಡು ಕಬ್ಬಿಣದ ಬಳೆ. ಸಣ್ಣದೇನಲ್ಲ. ಹಾಗಿದ್ದರೆ ಅದು ಯಾಕೆ ಹಿಡಿಯುತ್ತಿಲ್ಲ?

ಉತ್ತರ ಸಿಕ್ಕಿದ್ದು ಬ್ರೇಕಿನಲ್ಲಲ್ಲ, ಸ್ಪೋಕಿನಲ್ಲಿ.

ಹಿಂದಿನ ಚಕ್ರದ ರಿಮ್ ಹಿಂದೆ ಯಾವಾಗಲೋ ಬದಲಾಗಿತ್ತು. 16 ಇಂಚೇ, 36 ತೂತೇ, ಎಣಿಸಿದರೆ ಎಲ್ಲಾ ಸರಿ. ಆದರೆ ನಿಪ್ಪಲ್ (ಸ್ಪೋಕಿನ ತುದಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ಕೂರುವ ತೂತುಗಳ ಓರೆ ಬೇರೆ ಇತ್ತು. ಹಬ್ ಸಣ್ಣದಿರುವ ಗಾಡಿಯಲ್ಲಿ ಸ್ಪೋಕ್ ಒಂದು ಕೋನದಲ್ಲಿ ಬರುತ್ತದೆ, ಜಾವಾದಂಥ ಅಗಲ ದಪ್ಪ ಹಬ್ಬಿನಲ್ಲಿ ಸ್ಪೋಕು ಗಿಡ್ಡ, ಕೋನ ಜಾಸ್ತಿ. ತಪ್ಪು ರಿಮ್ ಹಾಕಿದರೆ ಸ್ಪೋಕು ನಿಪ್ಪಲ್ ಹತ್ತಿರ ಸೊಟ್ಟಗಾಗುತ್ತದೆ, ಟೈಟ್ ನಿಲ್ಲುವುದಿಲ್ಲ, ಒಂದು ದಿನ ಅಲ್ಲೇ ಮುರಿಯುತ್ತದೆ. ನನ್ನ ಚಕ್ರದಲ್ಲಿ ಹಾಗೆ ಮುರಿದವು ಐದು, ಎರಡು ದಪ್ಪದ ಸ್ಪೋಕು ಬೆರೆತಿದ್ದವು ಬೇರೆ.

ಹಾಗಾಗಿ ರಿಮ್ ಹುಡುಕುವಾಗ ಇಂಚು, ತೂತು ಎರಡನ್ನೇ ನೋಡಬೇಡಿ. ತೂತಿನ ಗುಳಿ ಯಾವ ಕಡೆ ಮುಖ ಮಾಡಿದೆ ಅಂತ ಒಂದು ಸ್ಪೋಕು ತೂರಿಸಿ ನೋಡಿ. ಒಳ ಅಗಲವನ್ನು ರಿಮ್ ಮೇಲೇ ಇಂಚಿನಲ್ಲಿ ಕೊರೆದಿರುತ್ತಾರೆ, 1.60, 1.85, 2.15 ಹೀಗೆ. ತೀರಾ ಅಗಲದ್ದು ತಂದರೆ ಟೈರು ಚಪ್ಪಟೆಯಾಗಿ ಕೂರುತ್ತದೆ. ನಾನು ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಎರಡೂ ಸುತ್ತಿದೆ. ಕೊನೆಗೆ ಸರಿಯಾದ ಜೋಡಿ ಸಿಕ್ಕಿದ್ದು ಮೈಸೂರಿನಲ್ಲೇ, ಹಿಂದೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರ ಮನೆಯ ಸ್ನಾನದಮನೆ ಹಿಂದೆ. ಅವರು ದುಡ್ಡು ತಗೊಂಡದ್ದಕ್ಕಿಂತ ಜಾಸ್ತಿ ಪ್ರಶ್ನೆ ಕೇಳಿದರು. ಗಾಡಿಗೆ ಹಾಕ್ತೀಯೋ ಗೋಡೆಗೆ ನೇತು ಹಾಕ್ತೀಯೋ ಅಂತ.

ರಿಮ್ಮನ್ನು ಕ್ರೋಮ್ ಮಾಡಿಸಲು ಕೊಟ್ಟೆ. ಅಲ್ಲೊಂದು ಎಡವಟ್ಟು. ಪ್ಲೇಟಿಂಗ್ ಅಂಗಡಿಯವರು ತುಕ್ಕು ತೆಗೆಯುವ ಭರದಲ್ಲಿ ಒಂದು ಕಡೆ ಎಷ್ಟು ಉಜ್ಜಿದ್ದರು ಅಂದರೆ ನಿಪ್ಪಲ್ ತೂತಿನ ಅಂಚು ಕಾಗದದಷ್ಟು ತೆಳ್ಳಗೆ. ಹೊಳಪು ಮಾತ್ರ ಮದುವೆ ಮನೆ ಸ್ಟೀಲ್ ಪಾತ್ರೆ ಥರ. ಆ ರಿಮ್ ಬಿಟ್ಟು ಮತ್ತೊಂದಕ್ಕೆ ಎರಡು ತಿಂಗಳು ಅಲೆದೆ. ಸ್ಪೋಕಿಗೆ ಕ್ರೋಮ್ ಮಾಡಿಸಲೇ ಬೇಡಿ, ಪ್ಲೇಟಿಂಗ್ ಮಾಡುವಾಗ ಗಟ್ಟಿ ಉಕ್ಕು ಪೆಡಸಾಗಿ ಆಮೇಲೆ ಪಟ್ ಅನ್ನುತ್ತದೆ. ಸ್ಟೇನ್‌ಲೆಸ್ ಸ್ಪೋಕು ಹಾಕಿ, ಅಷ್ಟೇ.

ಈಗ ಡ್ರಮ್ಮಿನ ವಿಷಯ. ಸ್ಪೋಕ್ ಕಟ್ಟಿ ಬಿಗಿ ಮಾಡಿದಾಗ 36 ಕಡೆಯಿಂದ ಹಬ್ಬನ್ನು ಎಳೆಯುತ್ತಿರುತ್ತೀರಿ. ಎಳೆತ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಅಲ್ಯೂಮಿನಿಯಂ ಹಬ್ ಸ್ವಲ್ಪ ಬಾಗುತ್ತದೆ, ಒಳಗಿನ ಡ್ರಮ್ ಕೋಳಿಮೊಟ್ಟೆಯಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ನನ್ನದು ಅಳೆದಾಗ 0.4 ಮಿ.ಮೀ. ಅಷ್ಟು ಸಾಕು. ಲಿವರ್ ಹಿಡಿದಾಗ ಕೈಗೆ ತಡಕ್ ತಡಕ್ ಅಂತ ಬಡಿಯುತ್ತದೆ, ಶೂ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ. ನಮ್ಮ ಕಡೆ ಎಲ್ಲರೂ ಮೊದಲು ಡ್ರಮ್ ಟರ್ನಿಂಗ್ ಮಾಡಿಸಿ (ಲೇತಿನಲ್ಲಿ ಒಳಮೈ ದುಂಡಗೆ ಕೊರೆಸಿ), ಆಮೇಲೆ ಸ್ಪೋಕ್ ಕಟ್ಟಿಸುತ್ತಾರೆ. ಪೂರ್ತಿ ಉಲ್ಟಾ. ಮೊದಲು ಸ್ಪೋಕ್ ಕಟ್ಟಿ, ಔಟ್ (ಚಕ್ರದ ಓಲಾಟ) ತೆಗೆದು, ಇನ್ನೂರು ಕಿಲೋಮೀಟರ್ ಓಡಿಸಿ, ಸಡಿಲವಾದ ಸ್ಪೋಕು ಮತ್ತೆ ಬಿಗಿ ಮಾಡಿ, ಆಮೇಲೆ ಚಕ್ರವನ್ನು ಹಾಗೇ ರಿಮ್ ಸಮೇತ ಲೇತಿಗೆ ಒಯ್ಯಬೇಕು. ಸಣ್ಣ ಲೇತಿನಲ್ಲಿ ರಿಮ್ ತಿರುಗುವುದೇ ಇಲ್ಲ, ಕೆಳಗೆ ತಗಲುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮೂರು ಕಡೆ ತಲೆ ಅಲ್ಲಾಡಿಸಿದರು, ನಾಲ್ಕನೆಯವರು ಬೇರಿಂಗ್ ಜಾಗವನ್ನೇ ಆಧಾರ ಮಾಡಿ ಹಿಡಿದು, ತೆಳ್ಳಗೆ ತೆಳ್ಳಗೆ ಕೊರೆದು ಕೊಟ್ಟರು. 160 ಇದ್ದದ್ದು 160.7 ಆಯಿತು.

ಡ್ರಮ್ ದೊಡ್ಡದಾಯಿತು, ಶೂ ಹಳೆಯದೇ. ಹೊಸ ಶೂ ತಂದರೂ ಅದು ನಡುವಿನಲ್ಲಿ ಮಾತ್ರ ಮುಟ್ಟುತ್ತದೆ, ಎರಡು ತುದಿ ಗಾಳಿಯಲ್ಲಿ. ಆದ್ದರಿಂದ ದಪ್ಪ ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಅಂಟಿಸಿ, ಶೂಗಳನ್ನು ಬ್ರೇಕ್ ಪ್ಲೇಟಿನ (ಡ್ರಮ್ಮಿನ ಬಾಯಿ ಮುಚ್ಚುವ, ಶೂ ಹೊತ್ತಿರುವ ತಟ್ಟೆ) ಮೇಲೇ ಕೂರಿಸಿ, ಡ್ರಮ್ಮಿನ ಅಳತೆಗೆ ಹೊರಗಡೆಯಿಂದ ಟರ್ನಿಂಗ್ ಮಾಡಿಸಿದೆ. ಹಳೇ ಲೈನಿಂಗ್ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಆ ಕಾಲದ್ದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಬೇರಿಂಗ್ ಎರಡೂ ಕಡೆ ಸೀಲ್ ಇರುವುದನ್ನೇ ಹಾಕಿ, ಇಲ್ಲದಿದ್ದರೆ ಗ್ರೀಸ್ ಜಿನುಗಿ ಶೂ ಮೇಲೆ ಬರುತ್ತದೆ, ಅಲ್ಲಿಗೆ ಏಳು ತಿಂಗಳ ಕೆಲಸಕ್ಕೆ ಎಳ್ಳು ನೀರು.

ಇನ್ನು ಉಳಿದದ್ದು ಬಿಟ್ಟಿ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ಆಕ್ಸಲ್ ನಟ್ ಬಿಗಿ ಮಾಡುವಾಗ ಬ್ರೇಕ್ ಲಿವರನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡು ಬಿಗಿ ಮಾಡಿ, ಪ್ಲೇಟು ತಾನಾಗಿ ಡ್ರಮ್ಮಿನ ನಡುವಿಗೆ ಬಂದು ಕೂರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲೂ, ಅದು ಎಳೆಯುವ ಡ್ರಮ್ಮಿನ ಮೇಲಿನ ಸಣ್ಣ ಕೈಯೂ (ಆರ್ಮ್) ಹತ್ತಿರ ಹತ್ತಿರ 90 ಡಿಗ್ರಿಯಲ್ಲಿರಬೇಕು. ಅದು ದಾಟಿ ಮುಂದೆ ಹೋಗಿದ್ದರೆ ನೀವು ಎಷ್ಟು ಹಿಸುಕಿದರೂ ಬಲ ಪೋಲು. ಕೇಬಲ್ ಹೊರಕವಚ ಹಳತಾಗಿದ್ದರೆ ಅದೇ ಸ್ಪ್ರಿಂಗ್ ಥರ ಕುಗ್ಗುತ್ತದೆ, ನಿಮ್ಮ ಕೈಬಲ ಅರ್ಧ ಅಲ್ಲೇ ಖರ್ಚು. ನಾನು ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಹಳೇ ಕೇಬಲ್ಲೇ ಹಾಕಿದ್ದೆ. ಮೊದಲ ದಿನ ಬ್ರೇಕ್ ಹಿಡಿಯಲಿಲ್ಲ. ಅಷ್ಟೆಲ್ಲ ಲೇತ್ ಕೆಲಸ ದಂಡ ಆಯಿತು ಅಂತ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಪರೀಕ್ಷೆ ಚಾಮುಂಡಿ ಬೆಟ್ಟದಲ್ಲಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಇಳಿಜಾರಿನಲ್ಲಿ ಇಂಜಿನ್ ತಡೆಯುವುದು ಬಹಳ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಜೊತೆಗೆ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಬರಬೇಕು, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೆ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು, ಆಗಾಗ ಒಂದು ಸಲ ತಿರುವಿ ಬಿಡಬೇಕು. ಮೇಲಿನಿಂದ ನಂದಿಯ ತನಕ ಬಂದೆ. ಲಿವರ್ ಸ್ವಲ್ಪ ಒಳಗೆ ಹೋಯಿತು. ಡ್ರಮ್ ಕಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಅದು ಡ್ರಮ್ಮಿನ ಹಣೆಬರಹ. ಅಲ್ಲಿ ಹತ್ತು ನಿಮಿಷ ನಿಂತು ಕಡಲೆಕಾಯಿ ತಿಂದೆ. ಆಮೇಲೆ ಕೆಳಗಿನ ತನಕ ಏನೂ ತೊಂದರೆ ಇಲ್ಲ. ಹಿಂದಿನ ಟೈರು ಕಿರ್ ಅನ್ನುವ ತನಕ ಹಿಡಿಯುತ್ತದೆ ಈಗ.

ಬುಲೆಟ್ ಇಟ್ಟಿರುವ ಗೆಳೆಯರು ಈ ಕಷ್ಟ ನೋಡಿ ನಗುತ್ತಾರೆ. ಅವರಿಗೆ ದಾರಿ ಸುಲಭ. ಹಳೇ ಬುಲೆಟ್ಟಿನ 6 ಇಂಚಿನ ಮುಂದಿನ ಡ್ರಮ್ ಬದಲು ಆಮೇಲೆ ಬಂದ 7 ಇಂಚಿನ ಜೋಡಿ ಲೀಡಿಂಗ್ ಶೂ ಹಾಕಬಹುದು. ಬಾಗಿಲ ಕೆಳಗೆ ಕಾಲೊರೆಸು ಸಿಕ್ಕಿಕೊಂಡರೆ ಒಂದು ಕಡೆ ತಳ್ಳಿದಾಗ ಇನ್ನೂ ಬಿಗಿಯಾಗುತ್ತದಲ್ಲ, ಲೀಡಿಂಗ್ ಶೂ ಹಾಗೆ, ಚಕ್ರವೇ ಅದನ್ನು ಎಳೆದುಕೊಳ್ಳುತ್ತದೆ. ಮಾಮೂಲಿ ಡ್ರಮ್ಮಿನಲ್ಲಿ ಅಂಥದ್ದು ಒಂದು, ಇದರಲ್ಲಿ ಎರಡು. ಹಿಡಿತ ಜೋರು. ಆದರೆ ಏರಿನಲ್ಲಿ ನಿಲ್ಲಿಸಿ ಗಾಡಿ ಹಿಂದಕ್ಕೆ ಜಾರಿದರೆ ಎರಡೂ ಉಲ್ಟಾ, ಮುಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಹಾಗಾದರೆ ಡಿಸ್ಕಿನಷ್ಟು ನಿಲ್ಲುತ್ತಾ? ಇಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್ (ಜೋರಾಗಿ ಹಿಡಿದರೂ ಚಕ್ರ ಕಚ್ಚಿಕೊಳ್ಳದ ಬ್ರೇಕು) ಕಡ್ಡಾಯ, ನನ್ನ ಮುಂದಿನ ಹುಡುಗ ಗಕ್ಕನೆ ನಿಲ್ಲುತ್ತಾನೆ, ನಾನು ನಿಲ್ಲಲ್ಲ. ಅದಕ್ಕೆ ಜಾಗ ಬಿಟ್ಟು ಓಡಿಸುತ್ತೇನೆ, ಆ ಜಾಗಕ್ಕೆ ಆಟೋದವರು ಬಂದು ತೂರಿಕೊಳ್ಳುತ್ತಾರೆ, ಮತ್ತೆ ಜಾಗ ಬಿಡುತ್ತೇನೆ. ಮಳೆಯಲ್ಲಿ ನಿಂತ ನೀರು ದಾಟಿದ ಮೇಲೆ ಮೊದಲ ಎರಡು ಸಲ ಬ್ರೇಕ್ ಹಿಡಿಯಲ್ಲ ಅನ್ನೋದು ನೆನಪಿರಬೇಕು, ಮೆಲ್ಲಗೆ ಹಿಡಿದು ಒಣಗಿಸಬೇಕು.

ಇಷ್ಟೆಲ್ಲ ಕೇಳಿಯೂ ನಿಮಗೆ ಡಿಸ್ಕೇ ಬೇಕು ಅಂದರೆ ಹಾಕಿಸಿ, ಗಾಡಿ ನಿಮ್ಮದು, ಜೀವವೂ ನಿಮ್ಮದು. ಬಿಚ್ಚಿದ ಫೋರ್ಕು, ಹಬ್ಬು, 16 ಇಂಚಿನ ರಿಮ್ಮು ಮಾತ್ರ ಗುಜರಿಗೆ ಹಾಕಬೇಡಿ. ಮನೆಯಲ್ಲಿ ಇಡಲು ಜಾಗ ಇಲ್ಲ ಅಂದರೆ ಹೇಳಿ, ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ಮುಂದಿನ ಡ್ರಮ್ಮಿನ ಇನ್ನೊಂದು ಪ್ಲೇಟು ನಾನಿನ್ನೂ ಹುಡುಕುತ್ತಿದ್ದೇನೆ.