ಏರಿನಲ್ಲಿ ಹಿಂದೆ ಉಳಿದರೆ ಗುಂಪಿಗೆ ಭಾರ ಆಗಲ್ವಾ?

ಹಳ್ಳಿಗಾಡಿನ ಏರಿಳಿತದ ದಾರಿಯಲ್ಲಿ ದಿನವಿಡೀ ಸೈಕಲ್ ತುಳಿಯೋಣ ಬನ್ನಿ ಅಂತ ಯಾರನ್ನೇ ಕರೆದರೂ ಮೊದಲು ಬರುವ ಮಾತು ಹೆಚ್ಚುಕಮ್ಮಿ ಒಂದೇ. "ನಾನು ನಿಮ್ಮಷ್ಟು ಜೋರಾಗಿ ಹೋಗಲ್ಲ. ಏರಿನಲ್ಲಿ ಹಿಂದೆ ಉಳಿದುಬಿಡ್ತೀನಿ. ನಿಮಗೆಲ್ಲ ಭಾರ ಆಗಲ್ವಾ?"

ಹಿಂದೆ ಉಳಿಯುತ್ತೀರಿ, ನಿಜ. ಅದರಿಂದ ಯಾರ ದಿನವೂ ಹಾಳಾಗುವುದಿಲ್ಲ. ಮುಂದೆ ಹೋದವರಿಗೆ ಸರಿಯಾಗಿ ಕಾಯುವುದು ಗೊತ್ತಿಲ್ಲದಿದ್ದರೆ ಮಾತ್ರ ಹಾಳಾಗುತ್ತದೆ.

ಏರಿನಲ್ಲಿ ಗುಂಪು ಚದುರುವುದು ಯಾರ ತಪ್ಪೂ ಅಲ್ಲ. ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋಗುವಾಗ ನಮ್ಮ ಶಕ್ತಿ ಜಾಸ್ತಿ ಖರ್ಚಾಗುವುದು ಎದುರಿನ ಗಾಳಿಗೆ. ಮುಂದಿನವರ ಚಕ್ರದ ಹಿಂದೆ ಹತ್ತಿರದಲ್ಲೇ ಇದ್ದರೆ ಆ ಗಾಳಿ ಅವರಿಗೆ ಹೊಡೆಯುತ್ತದೆ, ನಮಗೆ ಅಷ್ಟಾಗಿ ತಾಗುವುದಿಲ್ಲ. ಕಾಲು ಭಾಗದಷ್ಟು ಶ್ರಮ ಉಳಿಯುವುದೂ ಉಂಟು. ಆದ್ದರಿಂದಲೇ ಅಲ್ಲಿ ಗಟ್ಟಿಗರೂ ಹೊಸಬರೂ ಒಟ್ಟಿಗೆ ಸಾಗಬಹುದು.

ಏರಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಶೇಕಡಾ 6ರ ಏರು, ಅಂದರೆ 100 ಮೀಟರ್ ಮುಂದೆ ಹೋದರೆ 6 ಮೀಟರ್ ಮೇಲೆ ಹೋಗುವ ರಸ್ತೆ ಅಂದುಕೊಳ್ಳಿ. ಸೈಕಲ್ ಸೇರಿ 80 ಕಿಲೋ ತೂಗುವವರು ಅದನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 150 ವ್ಯಾಟ್ ಶಕ್ತಿ ಬೇಕು. ಅದರಲ್ಲಿ 130 ವ್ಯಾಟ್ ಬರೀ ಭಾರ ಎತ್ತುವುದಕ್ಕೇ ಹೋಗುತ್ತದೆ. ಗಾಳಿಗೆ ಹೋಗುವುದು ಐದಾರು ವ್ಯಾಟ್ ಅಷ್ಟೇ. ಹಾಗಾಗಿ ಯಾರ ಬೆನ್ನ ಹಿಂದೆ ಸೇರಿಕೊಂಡರೂ ಪ್ರಯೋಜನವಿಲ್ಲ. ಅವರವರ ಭಾರವನ್ನು ಅವರವರ ಕಾಲೇ ಎತ್ತಬೇಕು.

ಏರು ಶುರುವಾದ ಮೇಲೆ "ಒಟ್ಟಿಗೇ ಹೋಗೋಣ" ಅನ್ನುವ ಹಟವನ್ನು ನಾನು ಒಪ್ಪುವುದಿಲ್ಲ. ನಿಧಾನಕ್ಕೆ ಹೋಗುವವರು ಬೇರೆಯವರ ಜೊತೆ ಏಗಲು ಹೋದರೆ ಮೊದಲ ದಿಬ್ಬದಲ್ಲೇ ಏದುಸಿರು, ತೊಡೆಯಲ್ಲಿ ಉರಿ. ಆಮೇಲೆ ಉಳಿದ ದಿನವೆಲ್ಲ ಅದರದ್ದೇ ಕಾಟ. ಒಂದು ಪೂರ್ತಿ ವಾಕ್ಯ ತಡೆಯದೆ ಹೇಳುವಷ್ಟು ಉಸಿರು ಉಳಿದಿದ್ದರೆ ನಿಮ್ಮ ವೇಗ ಸರಿಯಿದೆ. ಪಕ್ಕದವರು ದಾಟಿ ಹೋದರೆ ಹೋಗಲಿ.

ಗೇರ್ ಬಗ್ಗೆ ಒಂದು ಮಾತು. ಎದುರಿಗೆ ಏರು ಕಂಡ ಕೂಡಲೇ, ಪೆಡಲ್ ಇನ್ನೂ ಹಗುರವಾಗಿ ಸುತ್ತುತ್ತಿರುವಾಗಲೇ ಹಗುರ ಗೇರಿಗೆ ಬನ್ನಿ. ಏರಿನ ಮಧ್ಯೆ ಕಾಲಿನ ಭಾರವೆಲ್ಲ ಪೆಡಲ್ ಮೇಲೆ ಬಿದ್ದಿರುವಾಗ ಗೇರ್ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಹಲ್ಲಿಗೆ ಕೂರುವುದಿಲ್ಲ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಅಷ್ಟರಲ್ಲಿ ಸೈಕಲ್ ನಿಂತೇಹೋಗಿರುತ್ತದೆ. ಕಡಿದಾದ ಜಾಗದಲ್ಲಿ ನಿಂತ ಸೈಕಲನ್ನು ಮತ್ತೆ ಹತ್ತಿ ಹೊರಡಿಸುವುದು ಇದೆಯಲ್ಲ, ಅದು ಏರು ಹತ್ತುವುದಕ್ಕಿಂತ ಕಷ್ಟ. ಭಾರದ ಗೇರಿನಲ್ಲಿ ಒದ್ದಾಡಿದರೆ ಮೊಣಕಾಲಿಗೂ ಒಳ್ಳೆಯದಲ್ಲ. ನಿಮಿಷಕ್ಕೆ 70 ಸುತ್ತಿನ ಆಸುಪಾಸಿನಲ್ಲಿ ಕಾಲು ಸುತ್ತುತ್ತಿರಲಿ.

ಈಗ ಕಾಯುವ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

4 ಕಿಲೋಮೀಟರ್ ಉದ್ದದ ಏರು. ಗಂಟೆಗೆ 12 ಕಿಲೋಮೀಟರ್ ವೇಗದವರು 20 ನಿಮಿಷದಲ್ಲಿ ತುದಿ ಮುಟ್ಟುತ್ತಾರೆ. 8ರ ವೇಗದವರಿಗೆ 30 ನಿಮಿಷ ಬೇಕು. ಮೊದಲು ಬಂದವರು ಹತ್ತು ನಿಮಿಷ ನೀರು ಕುಡಿದು, ಕಾಲು ಚಾಚಿ, ಫೋಟೋ ತೆಗೆದು ಆರಾಮವಾಗಿರುತ್ತಾರೆ. ಕೊನೆಯವರು ಬೆವರು ಸುರಿಸುತ್ತಾ ಬಂದು ಇನ್ನೇನು ಕಾಲು ನೆಲಕ್ಕೆ ಇಡಬೇಕು, ಅಷ್ಟರಲ್ಲಿ "ಬಂದ್ರಾ? ಸರಿ, ಹೊರಡೋಣ" ಅಂತ ಎಲ್ಲರೂ ಸೈಕಲ್ ಏರುತ್ತಾರೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೆ ನೋಡಿ, ಇಂಥ ಮೂರು ಏರು ಕಳೆಯುವಷ್ಟರಲ್ಲಿ ಗಟ್ಟಿಗರಿಗೆ ಅರ್ಧ ಗಂಟೆ ವಿಶ್ರಾಂತಿ ಸಿಕ್ಕಿರುತ್ತದೆ. ವಿಶ್ರಾಂತಿ ನಿಜವಾಗಿ ಬೇಕಿದ್ದವರಿಗೆ ಏನೂ ಸಿಕ್ಕಿರುವುದಿಲ್ಲ. ಆಮೇಲೆ ಅವರು ಇನ್ನೂ ನಿಧಾನವಾದರೆ ಆಶ್ಚರ್ಯವೇನು?

ಅದಕ್ಕೇ ನಮ್ಮ ಗುಂಪಿನಲ್ಲಿ ವಿಶ್ರಾಂತಿಯ ಲೆಕ್ಕ ಶುರುವಾಗುವುದು ಕೊನೆಯವರು ಬಂದು ನಿಂತ ಮೇಲೆ. ಅವರು ನೀರು ಕುಡಿದು, ಏನಾದರೂ ತಿಂದು, ಉಸಿರು ಹದಕ್ಕೆ ಬಂದಮೇಲೆ ಅವರೇ "ಹೊರಡೋಣ" ಅನ್ನಬೇಕು. ತಿನ್ನುವುದನ್ನು ಸುಮ್ನೆ ಹೇಳುತ್ತಿಲ್ಲ. ಇಷ್ಟು ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಬೇಕು, ಇಲ್ಲದಿದ್ದರೆ ಒಂದು ಹಂತದಲ್ಲಿ ಕಾಲಿನ ಕಸುವೇ ಹೋಗಿಬಿಡುತ್ತದೆ. ನಿಧಾನಕ್ಕೆ ಹೋಗುವವರು ಸೀಟಿನ ಮೇಲೆ ಜಾಸ್ತಿ ಹೊತ್ತು ಇರುತ್ತಾರೆ, ತಿನ್ನಲು ಸಿಗುವ ಹೊತ್ತು ಮಾತ್ರ ಅವರಿಗೇ ಕಡಿಮೆ.

ಮೇಲೆ ಕಾದು ಮೈ ತಣ್ಣಗಾಗುತ್ತದೆ ಅನ್ನುವವರು ಒಂದು ತೆಳು ಜಾಕೆಟ್ ಇಟ್ಟುಕೊಳ್ಳಲಿ. ಇನ್ನೂ ಕಸುವಿದ್ದರೆ ಅರ್ಧ ದಾರಿ ಕೆಳಗಿಳಿದು ಮತ್ತೆ ಹತ್ತಲಿ. ಆಗ ಪಕ್ಕದಲ್ಲೇ ಬರುತ್ತಾ "ಇನ್ನೇನು ಬಂತು, ಸ್ವಲ್ಪವೇ" ಅಂತ ಹೇಳುತ್ತಿರಬೇಡಿ. ಏದುಸಿರು ಬಿಡುತ್ತಿರುವವರಿಗೆ ಉತ್ತರ ಕೊಡುವುದೂ ಒಂದು ಕೆಲಸವೇ.

ಗಟ್ಟಿಗರು ನಿಜವಾಗಿ ನೆರವಾಗಬಹುದಾದ ಜಾಗ ಏರು ಮುಗಿದ ಮೇಲಿನದು. ನೆತ್ತಿ ದಾಟಿದ ಕೂಡಲೇ ಮುಂದಿನವರ ಸೈಕಲ್ ತಾನಾಗಿಯೇ ಓಡತೊಡಗುತ್ತದೆ. ಹಿಂದಿನವರು ಇನ್ನೂ ಏರಿನಲ್ಲೇ ಇರುತ್ತಾರೆ. 20 ಮೀಟರ್ ಅಂತರ ನೋಡನೋಡುತ್ತಲೇ ಎಷ್ಟೋ ಪಟ್ಟು ಹೆಚ್ಚುತ್ತದೆ, ಗಾಳಿಯ ಮರೆ ತಪ್ಪಿಹೋಗುತ್ತದೆ. ನೆತ್ತಿಯ ಮೇಲೆ ನಿಲ್ಲದೆ ಮುಂದುವರಿಯುವುದಾದರೆ ಅಲ್ಲಿ ಪೆಡಲ್ ಸಡಿಲ ಬಿಡಿ, ಹಿಂದಿನವರು ಬಂದು ಸೇರಿಕೊಳ್ಳಲಿ, ಆಮೇಲೆ ಗಾಳಿಗೆ ನೀವು ಎದೆ ಕೊಡಿ. ಕವಲು ಬಂದಲ್ಲೆಲ್ಲ ನಿಲ್ಲಿ. ಪಂಪು, ಪಂಕ್ಚರ್ ಸಾಮಾನು ಕೊನೆಯಲ್ಲಿ ಬರುವವರ ಹತ್ತಿರವೇ ಇರಲಿ. ಮುಂದೆ ಹೋದವರ ಚೀಲದಲ್ಲಿದ್ದರೆ ಹಿಂದೆ ಟಯರ್ ಪಂಕ್ಚರ್ ಆದಾಗ ಏನು ಉಪಯೋಗ?

ಇಳಿಜಾರಿನಲ್ಲಿ ಯಾರೂ ಯಾರನ್ನೂ ಅಟ್ಟಿಕೊಂಡು ಹೋಗಬಾರದು. ನಡುವೆ ಧಾರಾಳ ಅಂತರ ಬಿಡಿ, ತಿರುವಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ. ಹತ್ತುವಾಗ ಹೋದ ಸಮಯವನ್ನು ಇಳಿಯುವಾಗ ಗಳಿಸುತ್ತೇವೆ ಅನ್ನುವ ಆಸೆಯೂ ಬೇಡ. 10 ಕಿಲೋಮೀಟರ್ ಏರನ್ನು 10ರ ವೇಗದಲ್ಲಿ ಹತ್ತಿ, ಅಷ್ಟೇ ದೂರವನ್ನು 40ರ ವೇಗದಲ್ಲಿ ಇಳಿದರೂ ಒಟ್ಟು ಸರಾಸರಿ ಬರುವುದು 16 ಮಾತ್ರ. ದಾರಿ ಗೊತ್ತುಮಾಡುವಾಗ ದೂರದ ಜೊತೆಗೆ ಒಟ್ಟು ಎಷ್ಟು ಮೀಟರ್ ಹತ್ತಬೇಕು ಅನ್ನುವುದನ್ನೂ ನೋಡಬೇಕು.

ಹಾಗಾಗಿ ಬರಲು ಹಿಂಜರಿಯಬೇಡಿ. ಹೊರಡುವ ಮೊದಲು "ನನಗೆ ಏರಿನಲ್ಲಿ ಹೊತ್ತು ಹಿಡಿಯುತ್ತದೆ" ಅಂತ ಹೇಳಿಬಿಡಿ, ಬಾಟಲಿ ತುಂಬಿಸಿಕೊಳ್ಳಿ, ಹಿಂದಿನ ದಿನವೇ ಗೇರು, ಬ್ರೇಕು ಒಮ್ಮೆ ನೋಡಿಕೊಳ್ಳಿ. ಪಂಪು ನಾನು ತರುತ್ತೇನೆ, ನಿಮ್ಮ ಹಿಂದೆಯೇ ಬರುತ್ತೇನೆ.